ಶೂ ಮೇಲಿನ ಬರಹ, ತೋಳಿನ ಕಪ್ಪು ಪಟ್ಟಿ, ಕುಲುಕದ ಕೈ: ಕ್ರಿಕೆಟ್‌ನಲ್ಲಿ ಯಾವುದು ರಾಜಕೀಯ, ಹೇಳುವವರು ಯಾರು?

2025ರ ಸೆಪ್ಟೆಂಬರ್ 14. ದುಬೈನಲ್ಲಿ ಏಷ್ಯಾ ಕಪ್ ಪಂದ್ಯ. ಪಾಕಿಸ್ತಾನದ ವಿರುದ್ಧ ಸಿಕ್ಸರ್ ಹೊಡೆದು ಪಂದ್ಯ ಮುಗಿಸಿದ ನಾಯಕ ಸೂರ್ಯಕುಮಾರ್ ಯಾದವ್, ಜೊತೆಯಲ್ಲಿದ್ದ ಶಿವಂ ದುಬೆ ಅವರೊಂದಿಗೆ ಸೀದಾ ಡ್ರೆಸ್ಸಿಂಗ್ ರೂಮಿನ ಕಡೆ ನಡೆದುಬಿಟ್ಟರು. ಎದುರಾಳಿಗಳ ಕೈ ಕುಲುಕಲಿಲ್ಲ. ಟಾಸ್ ಹೊತ್ತಿನಲ್ಲೂ ಪಾಕಿಸ್ತಾನದ ನಾಯಕ ಸಲ್ಮಾನ್ ಆಘಾಗೆ ಕೈ ಕೊಟ್ಟಿರಲಿಲ್ಲ. ಆಮೇಲೆ ಮೈಕ್ ಮುಂದೆ ನಿಂತು, ಪಹಲ್ಗಾಮ್‌ನಲ್ಲಿ ಸತ್ತವರ ಕುಟುಂಬಗಳ ಜೊತೆ ನಾವಿದ್ದೇವೆ, ಈ ಗೆಲುವು ನಮ್ಮ ಸೇನೆಗೆ ಎಂದರು. ಆ ವರ್ಷದ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದಿದ್ದರು. ಸತ್ತವರಲ್ಲಿ ಶಿವಮೊಗ್ಗದವರೂ ಬೆಂಗಳೂರಿನವರೂ ಇದ್ದರು.

ಆವತ್ತಿನಿಂದ ಟೀ ಅಂಗಡಿಯಲ್ಲಿ, ಮನೆಯ ವಾಟ್ಸಾಪ್ ಗುಂಪಿನಲ್ಲಿ ಇದೇ ಚರ್ಚೆ. ಕೆಲವರು ಮಾಡಿದ್ದು ಸರಿ ಎಂದರು. ಕೆಲವರು, ಇವರ ಜೊತೆ ಆಡೋದೇ ತಪ್ಪು, ಆಡಿದ ಮೇಲೆ ಕೈ ಕೊಟ್ಟರೇನು ಬಿಟ್ಟರೇನು ಎಂದರು. ಇನ್ನು ಕೆಲವರದು ಒಂದೇ ಮಾತು: ಆಟದಲ್ಲಿ ರಾಜಕೀಯ ಬೇಡ.

ಈ ಮೂರನೇ ಮಾತು ಕೇಳೋಕೆ ಬಹಳ ಸುಲಭ. ಪಾಲಿಸೋದು ಮಾತ್ರ ಕಷ್ಟ. ಯಾಕೆಂದರೆ ಯಾವುದು ರಾಜಕೀಯ, ಯಾವುದು ಶೋಕ, ಯಾವುದು ಮನುಷ್ಯತ್ವ ಅಂತ ಯಾರಾದರೂ ಒಬ್ಬರು ಕೂತು ತೀರ್ಮಾನ ಮಾಡಬೇಕು. ಆ ತೀರ್ಮಾನ ಹೇಗೆ ಆಗುತ್ತದೆ ಎಂದು ಗೊತ್ತಿದ್ದರೆ ಚರ್ಚೆ ಸ್ವಲ್ಪ ಹದಕ್ಕೆ ಬರುತ್ತದೆ.

## ಮೊದಲು, ಮಾತಾಡುತ್ತಿರುವವರು ಯಾರು?

ಮೈದಾನದಲ್ಲಿ ಕಾಣುವ ರಾಜಕೀಯ ಎಲ್ಲವೂ ಒಂದೇ ಥರದ್ದಲ್ಲ.

ಕೆಲವು ಸಲ ಮಾತಾಡುವುದು ಇಡೀ ದೇಶ. ವರ್ಣಭೇದ ನೀತಿ ಇದ್ದ ದಕ್ಷಿಣ ಆಫ್ರಿಕಾ ಜೊತೆ ಆಡುವುದಿಲ್ಲ ಎಂದು 1974ರಲ್ಲಿ ಭಾರತ ಡೇವಿಸ್ ಕಪ್ ಟೆನಿಸ್ ಫೈನಲ್ಲನ್ನೇ ಬಿಟ್ಟುಕೊಟ್ಟಿತು. ಕಪ್ ಆಡದೆಯೇ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಅಲ್ಲಿ ಆಟಗಾರರ ಇಷ್ಟಾನಿಷ್ಟ ಕೇಳುವ ಪ್ರಶ್ನೆ ಇರಲಿಲ್ಲ.

ಕೆಲವು ಸಲ ಮಾತಾಡುವುದು ತಂಡ ಮತ್ತು ಅದರ ಮಂಡಳಿ. ದುಬೈನಲ್ಲಿ ನಡೆದದ್ದು ಇದು. ಸರ್ಕಾರ ಮತ್ತು ಬಿಸಿಸಿಐ ಜೊತೆ ಹೊಂದಿಕೊಂಡೇ ಹೀಗೆ ಮಾಡಿದ್ದು ಎಂದು ಸೂರ್ಯಕುಮಾರ್ ಅವರೇ ಹೇಳಿದರು.

ಮೂರನೆಯದು, ಒಬ್ಬನೇ ಆಟಗಾರ. ಅವನ ಹಿಂದೆ ಮಂಡಳಿ ಇರುವುದಿಲ್ಲ. ಕೆಲವು ಸಲ ಸರ್ಕಾರ ಅವನಿಗೆ ಎದುರಾಗಿಯೇ ನಿಂತಿರುತ್ತದೆ. ಒಂದು ಘಟನೆ ನೋಡುವಾಗ ಇದು ಈ ಮೂರರಲ್ಲಿ ಯಾವುದು ಎಂದು ಮೊದಲು ಕೇಳಿಕೊಳ್ಳಿ. ಧೈರ್ಯ ಎಷ್ಟು ಬೇಕಾಯಿತು, ನಷ್ಟ ಯಾರಿಗೆ ಆಯಿತು ಎನ್ನುವುದು ಅಲ್ಲೇ ಅರ್ಧ ಗೊತ್ತಾಗುತ್ತದೆ.

## ನಿಯಮ ಏನು ಹೇಳುತ್ತದೆ?

ಐಸಿಸಿಯನ್ನು ನಾವು ಕ್ರಿಕೆಟ್‌ನ ಸುಪ್ರೀಂ ಕೋರ್ಟ್ ಅಂದುಕೊಳ್ಳುತ್ತೇವೆ. ನಿಜಕ್ಕೂ ಅದು ನಮ್ಮ ಹಾಲು ಒಕ್ಕೂಟದ ಹಾಗೆ. ಊರಿನ ಹಾಲಿನ ಡೈರಿಗಳು ಸೇರಿ ಒಕ್ಕೂಟ ಆಗುವಂತೆ, ದೇಶದೇಶಗಳ ಕ್ರಿಕೆಟ್ ಮಂಡಳಿಗಳು ಸೇರಿ ಐಸಿಸಿ. ಸದಸ್ಯರೇ ಅದರ ಯಜಮಾನರು. ಹೆಚ್ಚು ಹಾಲು ಹಾಕುವ ಡೈರಿಯ ಮಾತಿಗೆ ತೂಕ ಜಾಸ್ತಿ ಇರುವುದನ್ನು ಯಾರೂ ವಿವರಿಸಿ ಹೇಳಬೇಕಿಲ್ಲ, ಅಲ್ವಾ?

ಈ ಐಸಿಸಿಗೆ ಬಟ್ಟೆ ಮತ್ತು ಸಲಕರಣೆಗಳ ಬಗ್ಗೆ ಒಂದು ನಿಯಮಾವಳಿ ಇದೆ. ಜೆರ್ಸಿ ಮೇಲೆ ಎಷ್ಟು ದೊಡ್ಡ ಲೋಗೋ ಇರಬಹುದು, ಬ್ಯಾಟ್ ಮೇಲೆ ಯಾವ ಸ್ಟಿಕರ್ ಇರಬಹುದು ಎಲ್ಲವೂ ಅದರಲ್ಲಿವೆ. ತೋಳಿನ ಪಟ್ಟಿಯಿಂದಾಗಲಿ, ಬಟ್ಟೆ ಅಥವಾ ಸಲಕರಣೆಗೆ ಅಂಟಿಸಿದ ಯಾವುದರಿಂದಾಗಲಿ ಸಂದೇಶ ಕೊಡಬೇಕಾದರೆ ಮೊದಲೇ ಒಪ್ಪಿಗೆ ಬೇಕು. ಒಂದು ಒಪ್ಪಿಗೆ ಸ್ವಂತ ಮಂಡಳಿಯದು, ಇನ್ನೊಂದು ಐಸಿಸಿಯದು. ರಾಜಕೀಯ, ಧರ್ಮ ಅಥವಾ ಜನಾಂಗದ ವಿಷಯವಾದರೆ ಒಪ್ಪಿಗೆ ಇಲ್ಲ.

ಶಾಲೆಯ ಯೂನಿಫಾರ್ಮ್ ನೆನಪು ಮಾಡಿಕೊಳ್ಳಿ. ಬ್ಯಾಡ್ಜ್ ಹಾಕಬಾರದು ಎಂಬ ನಿಯಮ ಇದ್ದರೂ ಆಗಸ್ಟ್ 15ಕ್ಕೆ ಬಾವುಟ ಚುಚ್ಚಿಕೊಂಡರೆ ಹೆಡ್‌ಮಾಸ್ಟರ್ ಏನೂ ಅನ್ನುವುದಿಲ್ಲ. ನಿಯಮದ ಪುಸ್ತಕ ಒಂದೇ. ಹೂಂ ಅನ್ನುವುದೋ ಊಹೂಂ ಅನ್ನುವುದೋ, ಅದು ಅವರ ಕೈಯಲ್ಲಿ. ತೊಡಕು ಶುರುವಾಗುವುದು ಇಲ್ಲೇ.

## ಖವಾಜಾ ಅವರ ಶೂ

2023ರ ಡಿಸೆಂಬರ್. ಗಾಜಾದಲ್ಲಿ ಯುದ್ಧ ನಡೆಯುತ್ತಿತ್ತು. ಆಸ್ಟ್ರೇಲಿಯಾದ ಆರಂಭಿಕ ಬ್ಯಾಟರ್ ಉಸ್ಮಾನ್ ಖವಾಜಾ ಪರ್ತ್ ಟೆಸ್ಟ್‌ಗೆ ಮುಂಚಿನ ಅಭ್ಯಾಸಕ್ಕೆ ಬಂದಾಗ ಅವರ ಶೂ ಮೇಲೆ ಎರಡು ಸಾಲು ಬರೆದಿತ್ತು. ಎಲ್ಲ ಜೀವಗಳೂ ಸಮಾನ. ಸ್ವಾತಂತ್ರ್ಯ ಮನುಷ್ಯನ ಹಕ್ಕು. ದೇಶದ ಹೆಸರಿಲ್ಲ, ಯಾರಿಗೂ ಧಿಕ್ಕಾರವಿಲ್ಲ. ಆದರೆ ಅಕ್ಷರಗಳ ಬಣ್ಣ ಪ್ಯಾಲೆಸ್ಟೀನ್ ಬಾವುಟದ ಬಣ್ಣ.

ಐಸಿಸಿ ಒಪ್ಪಲಿಲ್ಲ. ಪಂದ್ಯದ ದಿನ ಅವರು ಬರಹದ ಮೇಲೆ ಟೇಪ್ ಅಂಟಿಸಿಕೊಂಡು ಆಡಿದರು, ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡರು. ಪಟ್ಟಿಗೆ ಒಪ್ಪಿಗೆ ಪಡೆದಿಲ್ಲ ಎಂದು ಐಸಿಸಿ ವಾಗ್ದಂಡನೆ ಕೊಟ್ಟಿತು. ಅಂದರೆ ದುಡ್ಡಿನ ದಂಡವಲ್ಲ, ದಾಖಲೆಗೆ ಹೋಗುವ ಎಚ್ಚರಿಕೆ. ಅದು ನನ್ನ ಸ್ವಂತ ದುಃಖಕ್ಕೆ ಕಟ್ಟಿಕೊಂಡ ಪಟ್ಟಿ ಎಂದು ಖವಾಜಾ ಹೇಳಿದರು.

ಅವರು ಅಲ್ಲಿಗೆ ಬಿಡಲಿಲ್ಲ. ಮೆಲ್ಬರ್ನ್ ಟೆಸ್ಟ್‌ಗೆ ಬ್ಯಾಟ್ ಮತ್ತು ಶೂ ಮೇಲೆ ಒಂದು ಚಿತ್ರ ಹಾಕಿಕೊಳ್ಳಲು ಕೇಳಿದರು. ಆಲಿವ್ ಟೊಂಗೆ ಕಚ್ಚಿಕೊಂಡ ಪಾರಿವಾಳ. ಜೊತೆಗೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಮೊದಲ ವಿಧಿಯ ಸಂಖ್ಯೆ. ಎಲ್ಲ ಮನುಷ್ಯರೂ ಹುಟ್ಟುತ್ತಲೇ ಸ್ವತಂತ್ರರು, ಘನತೆ ಮತ್ತು ಹಕ್ಕುಗಳಲ್ಲಿ ಸಮಾನರು ಎನ್ನುವ ವಿಧಿ ಅದು. ಅದಕ್ಕೂ ಐಸಿಸಿ ಬೇಡ ಎಂದಿತು. ಕೊನೆಗೆ ಅವರು ಶೂ ಮೇಲೆ ತಮ್ಮ ಇಬ್ಬರು ಹೆಣ್ಣುಮಕ್ಕಳ ಹೆಸರು ಬರೆದುಕೊಂಡು ಇಳಿದರು.

ಖವಾಜಾ ಎತ್ತಿದ ಪ್ರಶ್ನೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅವರದೇ ತಂಡದ ಮಾರ್ನಸ್ ಲಬುಶೇನ್ ಬ್ಯಾಟ್ ಮೇಲೆ ಬೈಬಲ್ ವಚನವೊಂದನ್ನು ಸೂಚಿಸುವ ಹದ್ದಿನ ಚಿತ್ರ ಇರುತ್ತಿತ್ತು. ದಕ್ಷಿಣ ಆಫ್ರಿಕಾದ ಕೇಶವ್ ಮಹಾರಾಜ್ ಬ್ಯಾಟ್ ಮೇಲೆ ಓಂ ಇರುತ್ತಿತ್ತು. ಧರ್ಮದ ಸಂದೇಶ ಬೇಡ ಎಂದು ನಿಯಮದಲ್ಲೇ ಇದೆಯಲ್ಲ, ಹಾಗಾದರೆ ಅವು ಹೇಗೆ ನಡೆಯುತ್ತವೆ? ಆ ಇಬ್ಬರನ್ನು ತಡೆಯಿರಿ ಎಂದು ಖವಾಜಾ ಕೇಳಲಿಲ್ಲ. ನನಗೂ ಅಷ್ಟೇ ಜಾಗ ಕೊಡಿ ಎಂದರು. ನಾಯಕ ಪ್ಯಾಟ್ ಕಮಿನ್ಸ್ ಅವರ ಬೆನ್ನಿಗೆ ನಿಂತರು.

ಅದಕ್ಕೂ ಒಂಬತ್ತು ವರ್ಷ ಮುಂಚೆ ಇಂಥದ್ದೇ ನಡೆದಿತ್ತು. 2014ರಲ್ಲಿ ಭಾರತದ ವಿರುದ್ಧ ಸೌತಾಂಪ್ಟನ್ ಟೆಸ್ಟ್‌ನಲ್ಲಿ ಇಂಗ್ಲೆಂಡ್‌ನ ಮೊಯೀನ್ ಅಲಿ ಗಾಜಾ ಪರವಾದ ಕೈಪಟ್ಟಿ ಹಾಕಿಕೊಂಡು ಬ್ಯಾಟ್ ಮಾಡಿದರು. ಇದು ಮಾನವೀಯ ವಿಷಯ, ರಾಜಕೀಯವಲ್ಲ ಎಂದು ಅವರ ಮಂಡಳಿ ಹೇಳಿತು. ರೆಫರಿ ಡೇವಿಡ್ ಬೂನ್ ಇದು ರಾಜಕೀಯ ಎಂದರು. ಪಟ್ಟಿ ತೆಗೆಯಬೇಕಾಯಿತು.

## ಟೋಪಿಗೆ ಹೂಂ, ಗ್ಲೌಸ್‌ಗೆ ಊಹೂಂ

ಈಗ ನಮ್ಮ ಮನೆಯ ಕಥೆಗೆ ಬರೋಣ. 2019ರ ಮಾರ್ಚ್ 8, ರಾಂಚಿ. ಪುಲ್ವಾಮಾದಲ್ಲಿ ಸಿಆರ್‌ಪಿಎಫ್ ಯೋಧರು ಸತ್ತು ಮೂರು ವಾರ ಆಗಿತ್ತು. ಭಾರತ ತಂಡ ಸೇನೆಯ ಬಣ್ಣದ ಟೋಪಿ ಹಾಕಿಕೊಂಡು ಆಡಿತು, ಪಂದ್ಯದ ಸಂಭಾವನೆಯನ್ನು ರಾಷ್ಟ್ರೀಯ ರಕ್ಷಣಾ ನಿಧಿಗೆ ಕೊಟ್ಟಿತು. ಇದು ರಾಜಕೀಯ ಎಂದು ಪಾಕಿಸ್ತಾನದ ಮಂಡಳಿ ದೂರಿತು. ಬಿಸಿಸಿಐ ಮೊದಲೇ ಕೇಳಿತ್ತು, ಸತ್ತವರ ನೆನಪಿಗೆ ಮತ್ತು ನಿಧಿ ಸಂಗ್ರಹಕ್ಕೆ ನಾವು ಒಪ್ಪಿದ್ದೆವು ಎಂದು ಐಸಿಸಿ ಉತ್ತರ ಕೊಟ್ಟಿತು. ಆವತ್ತು ಎದುರಾಳಿ ಆಸ್ಟ್ರೇಲಿಯಾ. ಆ ಟೋಪಿಗಳ ನಡುವೆ ನಿಂತು 104 ರನ್ ಹೊಡೆದು ಪಂದ್ಯ ಗೆಲ್ಲಿಸಿಕೊಟ್ಟವರು ಇದೇ ಉಸ್ಮಾನ್ ಖವಾಜಾ.

ಮೂರು ತಿಂಗಳ ನಂತರ ವಿಶ್ವಕಪ್. ದಕ್ಷಿಣ ಆಫ್ರಿಕಾ ವಿರುದ್ಧದ ಪಂದ್ಯದಲ್ಲಿ ಧೋನಿ ಅವರ ಕೀಪಿಂಗ್ ಗ್ಲೌಸ್ ಮೇಲೆ ಪ್ಯಾರಾ ಕಮಾಂಡೊಗಳ ಬಲಿದಾನ್ ಲಾಂಛನ ಕಂಡಿತು. ಧೋನಿ ಪ್ರಾದೇಶಿಕ ಸೇನೆಯಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್. ಈ ಸಲ ಐಸಿಸಿ ಬೇಡ ಎಂದಿತು, ಬಿಸಿಸಿಐ ಬರೆದು ಕೇಳಿದರೂ ಬಗ್ಗಲಿಲ್ಲ. ಗ್ಲೌಸ್ ಮೇಲೆ ತಯಾರಕರ ಗುರುತು ಬಿಟ್ಟು ಬೇರೇನೂ ಇರುವಂತಿಲ್ಲ ಎಂಬುದು ಅದರ ವಾದ. ಅಭಿಮಾನಿಗಳು ಗ್ಲೌಸ್ ತೆಗೆಯಬೇಡಿ ಎಂದು ಜಾಲತಾಣ ತುಂಬಿಸಿದರು. ಧೋನಿ ಏನೂ ಮಾತಾಡದೆ ಮುಂದಿನ ಪಂದ್ಯಕ್ಕೆ ಲಾಂಛನವಿಲ್ಲದ ಗ್ಲೌಸ್ ಹಾಕಿಕೊಂಡು ಬಂದರು.

ಎರಡೂ ಸೇನೆಗೆ ಗೌರವವೇ. ಒಂದು ತಂಡದ್ದು, ಮೊದಲೇ ಕೇಳಿದ್ದು. ಇನ್ನೊಂದು ಒಬ್ಬರದು, ಕೇಳದೆ ಹಾಕಿಕೊಂಡದ್ದು. ನಿಯಮ ಮೊದಲು ನೋಡುವುದು ಭಾವನೆಯನ್ನಲ್ಲ, ಅರ್ಜಿಯನ್ನು.

## ಮಂಡಿಯೂರಿದ ದಿನಗಳು

ಅನ್ಯಾಯದ ವಿರುದ್ಧ ಆಟಗಾರರು ಒಂದು ಮಂಡಿ ಊರುವುದು ಶುರುವಾದದ್ದು ಅಮೆರಿಕದಲ್ಲಿ. 2016ರಲ್ಲಿ ಅಲ್ಲಿನ ಅಮೆರಿಕನ್ ಫುಟ್‌ಬಾಲ್ ಆಟಗಾರ ಕಾಲಿನ್ ಕೆಪರ್ನಿಕ್, ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯ ಖಂಡಿಸಿ ರಾಷ್ಟ್ರಗೀತೆಯ ಹೊತ್ತಿಗೆ ಎದ್ದು ನಿಲ್ಲಲಿಲ್ಲ. ಮೊದಲು ಕೂತೇ ಇರುತ್ತಿದ್ದರು. ಸೇನೆಯಲ್ಲಿದ್ದ ಒಬ್ಬ ಮಾಜಿ ಆಟಗಾರ ಅವರ ಜೊತೆ ಮಾತಾಡಿದ ಮೇಲೆ, ಸೈನಿಕರಿಗೆ ಅಗೌರವ ಆಗದಿರಲಿ ಎಂದು ಮಂಡಿಯೂರತೊಡಗಿದರು. ಕೆಲವು ಅಭಿಮಾನಿಗಳು ಅವರ ಜೆರ್ಸಿ ಸುಟ್ಟರು. ಅದೇ ದಿನಗಳಲ್ಲಿ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಮಾರಾಟವಾದದ್ದೂ ಅವರದೇ ಜೆರ್ಸಿ. ಮುಂದಿನ ವರ್ಷ ಯಾವ ತಂಡವೂ ಅವರನ್ನು ತೆಗೆದುಕೊಳ್ಳಲಿಲ್ಲ. ಆಮೇಲೂ ಅವರು ಆ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

2020ರಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಪೊಲೀಸರ ಕೈಯಲ್ಲಿ ಸತ್ತ ನಂತರ ಈ ಪದ್ಧತಿ ಕ್ರಿಕೆಟ್‌ಗೂ ಬಂತು. ಜುಲೈ 8ರಂದು ಸೌತಾಂಪ್ಟನ್‌ನಲ್ಲಿ ಇಂಗ್ಲೆಂಡ್ ಮತ್ತು ವೆಸ್ಟ್ ಇಂಡೀಸ್ ಆಟಗಾರರು ಒಟ್ಟಿಗೆ ಮಂಡಿಯೂರಿದರು. ಕಾಲರ್ ಮೇಲೆ 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' (ಕಪ್ಪು ಜನರ ಜೀವಕ್ಕೂ ಬೆಲೆ ಇದೆ) ಲಾಂಛನಕ್ಕೂ ಒಪ್ಪಿಗೆ ಸಿಕ್ಕಿತು. ಮೊಯೀನ್ ಅಲಿ ಪಟ್ಟಿ ತೆಗೆಸಿದ ಅದೇ ಊರು, ಅದೇ ಮೈದಾನ.

2021ರ ಅಕ್ಟೋಬರ್ 24ರಂದು ದುಬೈನಲ್ಲಿ ಪಾಕಿಸ್ತಾನ ಪಂದ್ಯಕ್ಕೆ ಮುಂಚೆ ಭಾರತ ತಂಡವೂ ಮಂಡಿಯೂರಿತು. ಭಾರತ ಸೋತಿತು. ಆ ರಾತ್ರಿಯೇ ಮೊಹಮ್ಮದ್ ಶಮಿ ಅವರನ್ನು ಧರ್ಮದ ಹೆಸರಿನಲ್ಲಿ ಜಾಲತಾಣದಲ್ಲಿ ಬೈದರು. ಕೆಲವು ದಿನ ಬಿಟ್ಟು ನಾಯಕ ವಿರಾಟ್ ಕೊಹ್ಲಿ ಅದನ್ನು ಕಟುವಾಗಿ ಖಂಡಿಸಿದರು. ಸಂಜೆ ಭೇದದ ವಿರುದ್ಧ ಮಂಡಿಯೂರಿದ ತಂಡದ ಆಟಗಾರನಿಗೆ ರಾತ್ರಿ ಅದೇ ಭೇದ ಎದುರಾಯಿತು. ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಚುರುಕ್ ಅನ್ನುತ್ತದೆ.

ಅದೇ ವಾರ ಇನ್ನೊಂದು ಪ್ರಶ್ನೆ ಬಂತು. ಎಲ್ಲರೂ ಮಂಡಿಯೂರಲೇಬೇಕು ಎಂದು ದಕ್ಷಿಣ ಆಫ್ರಿಕಾ ಮಂಡಳಿ ಆಜ್ಞೆ ಮಾಡಿದಾಗ ಕ್ವಿಂಟನ್ ಡಿ ಕಾಕ್ ಪಂದ್ಯವನ್ನೇ ಬಿಟ್ಟರು. ಆಮೇಲೆ ಕ್ಷಮೆ ಕೇಳಿ, ಮುಂದಿನ ಪಂದ್ಯದಲ್ಲಿ ಮಂಡಿಯೂರಿದರು. ಮಾತಾಡಬೇಡ ಎನ್ನುವುದು ಒತ್ತಾಯವಾದರೆ, ಮಾತಾಡಲೇಬೇಕು ಎನ್ನುವುದೂ ಒತ್ತಾಯವೇ ಅಲ್ವಾ ಎಂಬ ಚರ್ಚೆ ಅಲ್ಲಿಂದ ಶುರುವಾಯಿತು.

## ನಿಜಕ್ಕೂ ಬೆಲೆ ತೆತ್ತವರು

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಜಿಂಬಾಬ್ವೆಯ ಇಬ್ಬರು. 2003ರ ಫೆಬ್ರುವರಿ 10, ಹರಾರೆ, ವಿಶ್ವಕಪ್‌ನಲ್ಲಿ ನಮೀಬಿಯಾ ವಿರುದ್ಧ ಪಂದ್ಯ. ಬ್ಯಾಟರ್ ಆಂಡಿ ಫ್ಲವರ್ ಮತ್ತು ವೇಗದ ಬೌಲರ್ ಹೆನ್ರಿ ಒಲೋಂಗ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡರು. ನಮ್ಮ ಪ್ರೀತಿಯ ನಾಡಿನಲ್ಲಿ ಪ್ರಜಾಪ್ರಭುತ್ವ ಸತ್ತಿದೆ, ಇದು ಅದರ ಸೂತಕ ಎಂಬ ಅರ್ಥದ ಹೇಳಿಕೆಯನ್ನು ಪತ್ರಕರ್ತರಿಗೆ ಹಂಚಿದರು. ಆಗ ಅಧಿಕಾರದಲ್ಲಿದ್ದವರು ರಾಬರ್ಟ್ ಮುಗಾಬೆ. ಫ್ಲವರ್ ಬಿಳಿಯರು. ಒಲೋಂಗ ಜಿಂಬಾಬ್ವೆಗೆ ಆಡಿದ ಮೊದಲ ಕಪ್ಪು ಆಟಗಾರ. ಇಬ್ಬರೂ ಸೇರಿಯೇ ಕಟ್ಟಿದ್ದರಿಂದ ಇದನ್ನು ಬಿಳಿಯರ ತಕರಾರು ಎಂದು ತಳ್ಳಿಹಾಕಲು ಆಗಲಿಲ್ಲ.

ಒಲೋಂಗರನ್ನು ಮುಂದಿನ ಪಂದ್ಯಕ್ಕೆ ಕೈಬಿಟ್ಟರು. ಜೀವ ಬೆದರಿಕೆಗಳು ಬಂದವು. ವಿಶ್ವಕಪ್ ಮುಗಿದ ಮೇಲೆ ಅವರು ಊರಿಗೆ ಮರಳಲಿಲ್ಲ. ಆಗ ಅವರಿಗೆ 26 ವರ್ಷ. ಜಿಂಬಾಬ್ವೆ ಪರ ಮತ್ತೆಂದೂ ಆಡಲಿಲ್ಲ. ಫ್ಲವರ್ ಕೂಡ ದೇಶ ಬಿಟ್ಟರು, ಮುಂದೆ ಇಂಗ್ಲೆಂಡ್ ತಂಡದ ಕೋಚ್ ಆದರು.

## ದುಬೈನಲ್ಲಿ ದಂಡ ಬಿದ್ದದ್ದು ಯಾವುದಕ್ಕೆ?

ಇಲ್ಲಿ ಬಹಳ ಜನಕ್ಕೆ ಗೊಂದಲ ಇದೆ. ಕೈ ಕುಲುಕದ್ದಕ್ಕೆ ದಂಡ ಬೀಳಲಿಲ್ಲ. ಕ್ರಿಕೆಟ್ ನಿಯಮಗಳ ಮುನ್ನುಡಿಯಲ್ಲಿ, ಫಲಿತಾಂಶ ಏನೇ ಆಗಲಿ ಪಂದ್ಯ ಮುಗಿದ ಮೇಲೆ ಎದುರಾಳಿಗೂ ಅಂಪೈರ್‌ಗೂ ಧನ್ಯವಾದ ಹೇಳಿ ಎಂದಿದೆ. ಕೈ ಕುಲುಕಲೇಬೇಕು ಎಂಬ ಕಟ್ಟಳೆ ಇಲ್ಲ. ಮಾತು ಬಿಟ್ಟ ದಾಯಾದಿಗಳು ಮದುವೆ ಮನೆಯಲ್ಲಿ ಎದುರಾದರೆ ನಮಸ್ಕಾರ ಮಾಡುವುದು ರೂಢಿ, ಮಾಡದಿದ್ದರೆ ಕೇಸ್ ಹಾಕಲು ಬರುವುದಿಲ್ಲ. ಹಾಗೆಯೇ ಇದು.

ಸೂರ್ಯಕುಮಾರ್ ಮೇಲೆ ವಿಚಾರಣೆ ನಡೆದದ್ದು ಅವರು ಆಡಿದ ಮಾತಿಗೆ. ಪಂದ್ಯದ ಸಂಭಾವನೆಯ ಶೇ 30ರಷ್ಟು ದಂಡ ಬಿತ್ತು. ಸೆಪ್ಟೆಂಬರ್ 21ರ ಎರಡನೇ ಪಂದ್ಯದಲ್ಲಿ ವಿಮಾನ ಬೀಳುವ ಹಾಗೆ ಸನ್ನೆ ಮಾಡಿದ ಹ್ಯಾರಿಸ್ ರೌಫ್‌ಗೂ ಅಷ್ಟೇ ದಂಡ. ಬ್ಯಾಟನ್ನು ಬಂದೂಕಿನಂತೆ ಹಿಡಿದ ಸಾಹಿಬ್‌ಜಾದಾ ಫರ್ಹಾನ್‌ಗೆ ಎಚ್ಚರಿಕೆ.

ಇದರ ಜೊತೆಗೆ ಡಿಮೆರಿಟ್ ಅಂಕ ಎಂಬುದೊಂದು ಇದೆ. ತಪ್ಪಿನ ತೂಕ ನೋಡಿ ಆಟಗಾರನ ಹೆಸರಿಗೆ ಅಂಕ ಬರೆಯುತ್ತಾರೆ. 24 ತಿಂಗಳಲ್ಲಿ ನಾಲ್ಕು ಆದರೆ ನಿಷೇಧ. ಒಂದು ಟೆಸ್ಟ್, ಇಲ್ಲವೇ ಎರಡು ಸೀಮಿತ ಓವರ್ ಪಂದ್ಯ. ರೌಫ್ ಖಾತೆಗೆ ಆ ಟೂರ್ನಿಯಲ್ಲೇ ನಾಲ್ಕು ಅಂಕ ಸೇರಿದ್ದರಿಂದ ಎರಡು ಏಕದಿನ ಪಂದ್ಯ ಹೊರಗೆ ಕೂರಬೇಕಾಯಿತು.

ಫೈನಲ್ ಗೆದ್ದ ಭಾರತ, ಏಷ್ಯಾ ಕ್ರಿಕೆಟ್ ಮಂಡಳಿಯ ಅಧ್ಯಕ್ಷ ಮೊಹ್ಸಿನ್ ನಖ್ವಿ ಕೈಯಿಂದ ಕಪ್ ತೆಗೆದುಕೊಳ್ಳಲು ಒಪ್ಪಲಿಲ್ಲ. ಅವರು ಪಾಕಿಸ್ತಾನ ಕ್ರಿಕೆಟ್ ಮಂಡಳಿಯ ಮುಖ್ಯಸ್ಥರೂ ಹೌದು, ಆ ದೇಶದ ಗೃಹ ಸಚಿವರೂ ಹೌದು. ರಾಜಕೀಯ ಬೇಡ ಎನ್ನುವ ಆಟದಲ್ಲಿ ಕಪ್ ಕೊಡಲು ನಿಂತವರೇ ಮಂತ್ರಿ. ಅವರನ್ನು ಆ ಜಾಗದಲ್ಲಿ ಕೂರಿಸಿದ್ದು ಯಾವ ಆಟಗಾರನೂ ಅಲ್ಲ.

## ಅಭಿಮಾನಿಗೆ ಇಷ್ಟೊಂದು ನೋವು ಯಾಕೆ?

ಸಿನಿಮಾ ಚೆನ್ನಾಗಿಲ್ಲದಿದ್ದರೆ ಎದ್ದು ಬರುತ್ತೇವೆ. ಆದರೆ ತಂಡವನ್ನು ಹಾಗೆ ಬಿಡಲಾಗುವುದಿಲ್ಲ. ನಾವು ಗೆದ್ವಿ, ನಾವು ಸೋತ್ವಿ ಅನ್ನುತ್ತೇವೆ. ಆರ್‌ಸಿಬಿ 2025ರಲ್ಲಿ ಕಪ್ ಗೆಲ್ಲುವ ತನಕ 18 ಸೀಸನ್ ಕಾದದ್ದು ತಂಡವಷ್ಟೇ ಅಲ್ಲ, ನಾವೂ ತಾನೇ? ಆ 'ನಾವು' ಒಳಗೆ ಎಲ್ಲ ಪಕ್ಷದವರೂ, ಎಲ್ಲ ಜಾತಿ ಧರ್ಮದವರೂ ಇರುತ್ತಾರೆ. ಊರ ತೇರು ಎಳೆಯುವಾಗ ಪಕ್ಕದವನು ಯಾರಿಗೆ ವೋಟು ಹಾಕಿದ ಎಂದು ಯಾರು ಕೇಳುತ್ತಾರೆ? ಆಟಗಾರ ಒಂದು ನಿಲುವು ತೆಗೆದುಕೊಂಡ ಕ್ಷಣ ಹಗ್ಗ ಹಿಡಿದ ಕೈಗಳು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತವೆ. ಒಪ್ಪುವವರಿಗೆ ಅವನು ಇನ್ನಷ್ಟು ಹತ್ತಿರ. ಒಪ್ಪದವರಿಗೆ ಮನೆಯವನೇ ಕೈ ಕೊಟ್ಟ ಹಾಗೆ.

ಇನ್ನೊಂದು ಮಾತನ್ನೂ ಹೇಳಲೇಬೇಕು. ನಮಗೆ ಒಪ್ಪಿತವಾದ ಸಂದೇಶ ನಮಗೆ ರಾಜಕೀಯ ಎಂದು ಕಾಣುವುದೇ ಇಲ್ಲ. ಸೇನೆಯ ಟೋಪಿ ಒಬ್ಬರಿಗೆ ಬರೀ ಗೌರವ. ಖವಾಜಾ ಶೂ ಇನ್ನೊಬ್ಬರಿಗೆ ಬರೀ ಮನುಷ್ಯತ್ವ. ನಾನೂ ಇದರಿಂದ ಹೊರಗಿಲ್ಲ.

## ಗ್ಯಾಲರಿಗೂ ಗೆರೆ ಇದೆ

ನಿಯಮ ಆಟಗಾರರಿಗೆ ಮಾತ್ರವಲ್ಲ. 2019ರ ವಿಶ್ವಕಪ್‌ನಲ್ಲಿ ಲೀಡ್ಸ್ ಮೈದಾನದ ಮೇಲೆ ಬಲೂಚಿಸ್ತಾನ, ಕಾಶ್ಮೀರದ ಹೆಸರಿನ ಬ್ಯಾನರ್ ಕಟ್ಟಿಕೊಂಡ ವಿಮಾನಗಳು ಹಾರಿದಾಗ ಐಸಿಸಿ ತೀವ್ರ ಅಸಮಾಧಾನ ವ್ಯಕ್ತಪಡಿಸಿತು.

ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೂ ಒಂದು ಘಟನೆ ನಡೆಯಿತು. 2023ರ ಅಕ್ಟೋಬರ್ 20, ವಿಶ್ವಕಪ್‌ನಲ್ಲಿ ಪಾಕಿಸ್ತಾನ ಮತ್ತು ಆಸ್ಟ್ರೇಲಿಯಾ ಪಂದ್ಯ. ಪಾಕಿಸ್ತಾನದ ಅಭಿಮಾನಿಯೊಬ್ಬರು ತಮ್ಮ ದೇಶಕ್ಕೆ ಜಿಂದಾಬಾದ್ ಕೂಗಿದಾಗ ಪೊಲೀಸರೊಬ್ಬರು ತಡೆದರು. ಆಡುತ್ತಿರುವುದೇ ಪಾಕಿಸ್ತಾನ, ಇನ್ನೇನು ಕೂಗಲಿ ಎಂದು ಅವರು ಕೇಳಿದರು. ವಿಡಿಯೊ ಎಲ್ಲೆಡೆ ಹರಿದಾಡಿತು. ತನ್ನ ತಂಡಕ್ಕೆ ಜೈ ಅನ್ನುವುದು ರಾಜಕೀಯವೇ? ಪೊಲೀಸರ ಕಣ್ಣಿಗೆ ಅದು ಗಲಾಟೆಯ ಕಿಡಿ. ಅಭಿಮಾನಿಗೆ ಅದು ಬರೀ ಕ್ರಿಕೆಟ್.

ಕೆಲವು ಸಲ ಮೈದಾನದ ಹೊರಗಿನವರೇ ಆಟವನ್ನು ನಿಲ್ಲಿಸುತ್ತಾರೆ. 2018ರ ಏಪ್ರಿಲ್‌ನಲ್ಲಿ ಕಾವೇರಿ ವಿವಾದ ಚೆನ್ನೈಯಲ್ಲಿ ಕಾವೇರಿತ್ತು. ರೈತರು ಬೀದಿಯಲ್ಲಿರುವಾಗ ಐಪಿಎಲ್ ಯಾಕೆ ಎಂದು ಪ್ರತಿಭಟನಾಕಾರರು ಕೇಳಿದರು. ಚೆಪಾಕ್‌ನಲ್ಲಿ ರವೀಂದ್ರ ಜಡೇಜ ಇದ್ದ ಕಡೆಗೆ ಶೂ ತೂರಿದರು. ಚೆನ್ನೈನ ಉಳಿದ ತವರು ಪಂದ್ಯಗಳು ಪುಣೆಗೆ ಹೋದವು. ಅಭಿಮಾನಿಗಳು ವಿಶೇಷ ರೈಲಿನಲ್ಲಿ ಅಲ್ಲಿಗೂ ಹೋದರು. ಕಾವೇರಿ ಎಂದರೆ ಏನು ಎಂದು ನಮಗೆ ಗೊತ್ತು. ಆ ಸಿಟ್ಟೂ ನಮಗೆ ಅರ್ಥವಾಗುತ್ತದೆ, ಆ ರೈಲೂ ಅರ್ಥವಾಗುತ್ತದೆ.

## ಒಂದೇ ಪ್ರವಾಸ, ಮೂರು ಮೈದಾನ

ಪ್ರೇಕ್ಷಕರ ಬಗ್ಗೆ ತಿಳಿಯಬೇಕಾದರೆ 1999ರ ಪಾಕಿಸ್ತಾನ ತಂಡದ ಭಾರತ ಪ್ರವಾಸ ನೋಡಬೇಕು. ಪ್ರವಾಸ ಬೇಡ ಎಂದು ಶಿವಸೇನೆಯವರು ಜನವರಿಯಲ್ಲಿ ದೆಹಲಿಯ ಕೋಟ್ಲಾ ಪಿಚ್ ಅಗೆದರು. ಹಾಗಾಗಿ ಮೊದಲ ಟೆಸ್ಟ್ ಚೆನ್ನೈಗೆ ಬಂತು.

ಗೆಲ್ಲಲು 271 ಬೇಕಿತ್ತು. ಬೆನ್ನು ನೋವಿನಲ್ಲೇ ಸಚಿನ್ ತೆಂಡೂಲ್ಕರ್ 136 ಹೊಡೆದರು. ಆದರೂ ಭಾರತ 12 ರನ್‌ಗಳಿಂದ ಸೋತಿತು. ಚೆಪಾಕ್ ಒಂದು ಕ್ಷಣ ಸ್ತಬ್ಧವಾಯಿತು. ಆಮೇಲೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ವಾಸಿಂ ಅಕ್ರಂ ತಂಡ ಮೈದಾನಕ್ಕೆ ಒಂದು ಸುತ್ತು ಹಾಕಿತು, ಚಪ್ಪಾಳೆ ನಿಲ್ಲಲಿಲ್ಲ.

ಸರಿಯಾಗಿ ಒಂದು ವಾರಕ್ಕೆ, ಅಗೆದು ಮತ್ತೆ ಸರಿಪಡಿಸಿದ ಕೋಟ್ಲಾ ಮೈದಾನದಲ್ಲಿ ನಮ್ಮ ಅನಿಲ್ ಕುಂಬ್ಳೆ 74 ರನ್‌ಗೆ ಹತ್ತಕ್ಕೆ ಹತ್ತೂ ವಿಕೆಟ್ ಕಿತ್ತರು.

ಅದೇ ಫೆಬ್ರುವರಿಯಲ್ಲಿ ಕೋಲ್ಕತ್ತಾ. ರನ್ ಓಡುವಾಗ ಶೋಯೆಬ್ ಅಖ್ತರ್‌ಗೆ ತಾಗಿ ತೆಂಡೂಲ್ಕರ್ ರನೌಟ್ ಆದರು. ಈಡನ್ ಗಾರ್ಡನ್ಸ್ ಕೆರಳಿತು. ತೆಂಡೂಲ್ಕರ್ ಅವರೇ ಬಂದು ಸಮಾಧಾನ ಮಾಡಿದರು. ಕೊನೆಯ ದಿನ ಮತ್ತೆ ಗಲಾಟೆ ಎದ್ದಾಗ ಪೊಲೀಸರು ಜನರನ್ನೆಲ್ಲ ಹೊರಗೆ ಕಳಿಸಿದರು. ಪಾಕಿಸ್ತಾನ 46 ರನ್‌ಗಳಿಂದ ಗೆದ್ದಿತು. ಕೊನೆಯ ವಿಕೆಟ್ ಬಿದ್ದಾಗ ಆ ದೊಡ್ಡ ಗ್ಯಾಲರಿಯಲ್ಲಿ ಚಪ್ಪಾಳೆ ಹೊಡೆಯುವವರೂ ಇರಲಿಲ್ಲ, ಬೈಯುವವರೂ ಇರಲಿಲ್ಲ.